ಒಂದೂ ಮಾತ್ರೆ ಬೀಳದ ಬಟ್ಟಲು

"ಡಾಕ್ಟ್ರೇ, ರಕ್ತದ ಚೀಲ ಇಲ್ಲ!"

ನರ್ಸಕ್ಕ ಫ್ರಿಜ್ಜಿನ ಬಾಗಿಲು ಹಿಡಿದೇ ನಿಂತಿದ್ದರು. ಅಪರೂಪದ ಗುಂಪಿನ ರಕ್ತ. ಇಡೀ ಆಸ್ಪತ್ರೆಗೆ ಇದ್ದದ್ದು ಅದೊಂದೇ ಚೀಲ. ಅತ್ತ ಹೆರಿಗೆಯಾದ ತಾಯಿಗೆ ರಕ್ತಸ್ರಾವ ನಿಲ್ಲುತ್ತಿಲ್ಲ.

ನಾಲ್ಕು ಕಟ್ಟಡ, ಮೂವತ್ತು ಫ್ರಿಜ್ಜು. ಎಲ್ಲವನ್ನೂ ತಡಕುವಷ್ಟರಲ್ಲಿ ಅವಳು ಉಳಿಯುವುದಿಲ್ಲ. ರಕ್ತನಿಧಿಯ ಬೀಗದ ಕೈ ಇದ್ದದ್ದು ಮೂವರ ಬಳಿ — ನರ್ಸಕ್ಕ, ಔಷಧಿ ಉಗ್ರಾಣದ ಯಜಮಾನರು, ಲ್ಯಾಬ್ ಟೆಕ್ನಿಷಿಯನ್.

ಗದ್ದಲ ಕೇಳಿ ನಮ್ಮ ಅಂಕಿಅಂಶ ವಿಭಾಗದ ಮೇಡಂ ಬಂದವರೇ ನಾಲ್ಕು ಬಟ್ಟಲು ಸಾಲಾಗಿ ಇಟ್ಟರು — ವಾರ್ಡು, ಲ್ಯಾಬು, ಆಪರೇಷನ್ ಕೋಣೆ, ಉಗ್ರಾಣ.

"ಬೀಗದ ಕೈ ಇರೋ ಮೂವರೂ ಒಬ್ಬೊಬ್ಬರೇ ಬನ್ನಿ. ತಲಾ ಹತ್ತು ಮಾತ್ರೆ. ಚೀಲ ಎಲ್ಲಿರಬಹುದು ಅಂತ ಎಷ್ಟು ನಂಬಿಕೆಯೋ ಅಷ್ಟು ಹಾಕಿ. ಹುಡುಕೋಕೆ ಎಲ್ಲಿಂದ ಶುರು ಮಾಡೋದು ಅಂತ ಗೊತ್ತಾಗಲಿ."

"ಇದೇನು ಮೇಡಂ, ಬೆಂಕಿ ಬಿದ್ದಾಗ ಬಾವಿ ತೋಡೋ ಹಾಗೆ?" ನಾನು ರೇಗಿದೆ.

"ಎರಡೇ ನಿಮಿಷ."

ನರ್ಸಕ್ಕ: ನಾಲ್ಕು, ಮೂರು, ಎರಡು, ಒಂದು. ಯಜಮಾನರು: ಐದು, ಎರಡು, ಎರಡು, ಕೊನೆಯದು ತಮ್ಮದೇ ಉಗ್ರಾಣಕ್ಕೆ. "ನನ್ನ ಕಣ್ತಪ್ಪಿಸಿ ಯಾರಾದ್ರೂ ಇಟ್ಟಿದ್ರೆ?" ಟೆಕ್ನಿಷಿಯನ್: ಐದು, ಮೂರು, ಎರಡು. ಅಲ್ಲಿಗೆ ಅವನ ಮಾತ್ರೆ ಮುಗಿಯಿತು.

ಮೇಡಂ ಎದ್ದು ಟೆಕ್ನಿಷಿಯನ್ ಕಡೆ ಬೆರಳು ತೋರಿಸಿದರು. "ಚೀಲ ಉಗ್ರಾಣದಲ್ಲಿದೆ. ಇಟ್ಟವರು ನೀವು."

ಟೆಕ್ನಿಷಿಯನ್ ಬಿಳಚಿಕೊಂಡ. "ನಾನಾ? ನಾನು ಅಲ್ಲಿಗೆ ಕಾಲೇ ಇಟ್ಟಿಲ್ಲ!"

"ಮತ್ತೆ ಅಲ್ಲಿಲ್ಲ ಅಂತ ಅಷ್ಟು ಖಾತ್ರಿ ಹೇಗೆ? ಉಗ್ರಾಣ ನೋಡ್ಕೊಳ್ಳೋ ಯಜಮಾನರಿಗೇ ಒಂದು ಮಾತ್ರೆಯಷ್ಟು ಅನುಮಾನ. ಗೊತ್ತಿಲ್ಲದವರು ಯಾವ ಬಟ್ಟಲನ್ನೂ ಪೂರ್ತಿ ಖಾಲಿ ಬಿಡಲ್ಲ. ನಾವು ಆ ಕಡೆ ಸುಳೀಬಾರದು ಅಂತ ನೀವು ಬಿಟ್ರಿ."

ನಾನೂ ಅವೇ ನಾಲ್ಕು ಬಟ್ಟಲು ನೋಡಿದ್ದೆ. ಆದರೆ ನನ್ನ ಕಣ್ಣು ಬಿದ್ದದ್ದು ತುಂಬಿದ ಬಟ್ಟಲುಗಳ ಮೇಲೆ ಮಾತ್ರ.

ಅವನು ಕುಸಿದು ಕೂತ. "ನನ್ನ ತಂಗಿಗೂ ಅದೇ ಗುಂಪು. ನಾಳೆ ಆಪರೇಷನ್. ರಕ್ತ ಬೇಕಾಗೋ ಸಂಭವ ನೂರಕ್ಕೆ ಐದು ಅಂದ್ರು. ಆ ಐದೇ ನನಗೆ ನೂರಾಗಿ ಕಾಣಿಸ್ತು, ಮೇಡಂ."

ಮೇಡಂ ಗದರಲಿಲ್ಲ. "ತಂಗಿಯದನ್ನ ಮುಂದಕ್ಕೆ ಹಾಕಬಹುದು. ಇವಳದ್ದು ಆಗಲ್ಲಪ್ಪ. ಯಾವ ಫ್ರಿಜ್ಜು?"

"ಎಡಗಡೆ ಮೂರನೇದು."

ನಾನು ಓಡಿದೆ.

ಸಂಜೆ ಆ ತಾಯಿ ಕಣ್ಣು ಬಿಟ್ಟು ಮಗುವನ್ನು ಕೇಳಿದಳು. ಹೊರಗೆ ಬಂದು ಮೇಡಂ ಎದುರು ನಿಂತೆ. ಕೈ ತಾನಾಗಿಯೇ ಮುಗಿಯಿತು.

"ಅವನ ಕಡೆ ಬೆರಳು ತೋರಿಸಿದಾಗ ನಿಮಗೆ ಪೂರ್ತಿ ಖಾತ್ರಿ ಇತ್ತಾ?"

"ನೂರಕ್ಕೆ ಎಂಬತ್ತು," ಎಂದರು.