ಪುತಳಾಬಾಯಿಯ ಬಣ್ಣ

ದಿನಾಂಕ 14-3-2007, ಬುಧವಾರ, ಸಂಜೆ ನಾಲ್ಕೂವರೆ. ಸೂಪರ್ ಮಾರ್ಕೆಟ್‌ನ ಫೋಟೊ ಸ್ಟುಡಿಯೊ ಮಾಲೀಕ ವಾಸುದೇವರಾವ್ ಬೆವರು ಒರೆಸಿಕೊಳ್ಳುತ್ತ ಠಾಣೆಗೆ ಬಂದು, ಅಂಗಡಿಯಲ್ಲಿ ಕಳವಾಗಿದೆ ಎಂದರು. ಏನು ಹೋಗಿದೆ ಎಂದು ಪಿಎಸ್‌ಐ ಅಣವೀರಪ್ಪ ಕೇಳಿದರು. ಕಂಪ್ಯೂಟರಿನ ಮಾನಿಟರ್ ಹೋಗಿದೆ. ಮತ್ತೇನು? ಮತ್ತೇನಿಲ್ಲ. ಕ್ಯಾಮೆರಾ ಇದೆಯೆ? ಇದೆ. ಗಲ್ಲಾದ ರೊಕ್ಕ? ಅದೂ ಇದೆ.

ಅಣವೀರಪ್ಪ ಪೆನ್ನು ಕೆಳಗಿಟ್ಟರು. ನೌಕರಿಯುದ್ದಕ್ಕೂ ಅವರು ತರಹೇವಾರಿ ಕಳ್ಳರನ್ನು ಕಂಡಿದ್ದರು. ಆದರೆ ಹೊಸ ಡಿಜಿಟಲ್ ಕ್ಯಾಮೆರಾ ಕಣ್ಣೆದುರು ಇರುವಾಗ, ಗುಜರಿಯವನೂ ಮೂಸಿ ನೋಡದ ಹಳೇ ಮಾನಿಟರನ್ನು ಹೊತ್ತೊಯ್ದ ಜಾಣ ಇದುವರೆಗೆ ಸಿಕ್ಕಿರಲಿಲ್ಲ. ಏನೇ ಆಗಲಿ, ಕಳವು ಕಳವೇ. ಕಲಂ 454, 380ರ ಅಡಿ ಎಫ್‌ಐಆರ್ ದಾಖಲಾಯಿತು. ಹೆಡ್ ಕಾನ್‌ಸ್ಟೆಬಲ್ ಮೈಬೂಬನನ್ನು ಕರೆದುಕೊಂಡು ಸಾಹೇಬರು ಸ್ಥಳ ಪಂಚನಾಮೆಗೆ ಹೊರಟರು.

ಆಗ ಬೋರ್ಡುಗಳ ಮೇಲೆಲ್ಲ ಗುಲ್ಬರ್ಗ ಎಂದೇ ಇತ್ತು. ಜನರ ಬಾಯಲ್ಲಿ ಮಾತ್ರ ಆಗಲೂ ಕಲಬುರ್ಗಿಯೇ. ಮಧ್ಯಾಹ್ನ ಉಂಡು ಮಲಗಲು ಮನೆಗೆ ಹೋಗುವ ಅಂಗಡಿಕಾರರು ಶಟರ್ ಅರ್ಧ ಎಳೆದು, ಪಕ್ಕದವನಿಗೆ ನೋಡ್ಕೊಳ್ಳಪ್ಪ ಎಂದು ಹೇಳಿ ಹೋಗುತ್ತಿದ್ದ ಕಾಲ ಅದು. ಇಂದು ಹಾಗೆ ಹೋದರೆ ಶಟರೂ ಉಳಿಯುವುದಿಲ್ಲ ಬಿಡಿ. ರಾಯರೂ ಅಂದು ಒಂದೂವರೆಗೆ ಹಾಗೆಯೇ ಐವಾನ್-ಎ-ಶಾಹಿ ಬಡಾವಣೆಯ ಮನೆಗೆ ಹೋಗಿದ್ದರು.

ಆ ಸ್ಟುಡಿಯೊದ ಒಳಗೆ ಕಾಲಿಟ್ಟಾಗ ಅಣವೀರಪ್ಪ ಗೋಡೆಗಳನ್ನೊಮ್ಮೆ ಸುತ್ತ ನೋಡಿದರು. ಅವರ ಮದುವೆಯ ಫೋಟೊ ತೆಗೆದದ್ದು ಇಲ್ಲೇ, ರಾಯರ ತಂದೆ ಗೋಪಾಲರಾಯರು. ಆಗ ಗೋಡೆಯ ತುಂಬ ತಾಜಮಹಲಿನ ಪರದೆ ಇತ್ತು. ಒಳಗಿನ ಕತ್ತಲೆ ಕೋಣೆಯಿಂದ ಔಷಧದ ಹುಳಿ ವಾಸನೆ ಬರುತ್ತಿತ್ತು. ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸುವ ಮೊದಲು ಗೋಪಾಲರಾಯರು ಗಿರಾಕಿಯನ್ನು ಕೇಳುತ್ತಿದ್ದರು: 'ಇದ್ದಂಗ ಇರ್ಲ್ಯೋ, ಛಂದ ಮಾಡ್ಲ್ಯೋ?' ಅಣವೀರಪ್ಪ ಆಗ ಛಂದ ಮಾಡ್ರಿ ಎಂದಿದ್ದರು. ಮನೆಯಾಕೆ ಇಂದಿಗೂ ಆ ಫೋಟೊ ನೋಡಿ, ಈ ಚೆಲುವ ಯಾರ್ರೀ, ನಮ್ಮ ಮನಿಗೆ ಬರಲೇ ಇಲ್ಲಲ್ಲ ಎಂದು ಕಾಡಿಸುತ್ತಾರೆ.

ಈಗ ಕತ್ತಲೆ ಕೋಣೆಯ ಜಾಗದಲ್ಲಿ ಒಂದು ಮೇಜಿತ್ತು. ಮೇಜಿನ ಕೆಳಗೆ ಕಂಪ್ಯೂಟರಿನ ಸಿಪಿಯು ಹಾಗೇ ಕೂತಿತ್ತು. ಮೇಲೆ ಮಾನಿಟರ್ ಇದ್ದ ಜಾಗದಲ್ಲಿ ಧೂಳಿನ ಚೌಕಟ್ಟಿನ ನಡುವೆ ಐದಾರು ಕೆಂಬಾಳೆ ಹಣ್ಣು ಇದ್ದವು. ಮೈಬೂಬ ಅವನ್ನು ರಾಯರ ಮನೆಯ ಹಣ್ಣೆಂದೇ ತಿಳಿದು, ಪಂಚರು ಬರುವಷ್ಟರಲ್ಲಿ ಒಂದನ್ನು ಸುಲಿದು ತಿಂದುಬಿಟ್ಟಿದ್ದ. ಅವು ತಮ್ಮವಲ್ಲ ಎಂದು ರಾಯರು ಹೇಳಿದಾಗ ಅವನ ಗಂಟಲಲ್ಲಿ ಹಣ್ಣು ನಿಂತಿತು. ಸಾಹೇಬರು ಅವನನ್ನೊಮ್ಮೆ ದುರುಗುಟ್ಟಿ ನೋಡಿ, ಉಳಿದ ಹಣ್ಣುಗಳನ್ನು ಪಂಚನಾಮೆಯಲ್ಲಿ ಬರೆಸಿದರು.

“ಕೆಂಬಾಳಿ ಯಾರು ತರ್ತಾರ ನಿಮ್ಮಲ್ಲಿಗೆ?”

“ಕಮಲಾಪುರದ ಕಾಶಿರಾಯ ಬಂದಾಗೊಮ್ಮೆ ತರ್ತಾನ್ರಿ. ಆದ್ರ ಅವ ಅಂಥಾವ ಅಲ್ಲ. ಸಾಧು ಮನುಷ್ಯಾ.”

ಸಾಧು ಮನುಷ್ಯನ ಸಂಗತಿಯನ್ನು ಬಿಡಿಸಿ ಹೇಳಿರೆಂದರು ಅಣವೀರಪ್ಪ. ರಾಯರು ಮೊದಲು ತಲೆ ಕೆರೆದುಕೊಂಡರು, ಆಮೇಲೆ ಹೇಳಿದರು. ದೀಪಾವಳಿಗೆ ಹೊಸ ಕ್ಯಾಮೆರಾ ಕೊಂಡಿದ್ದರು. ಗೊಬ್ಬರದ ಅಂಗಡಿಯೊಂದರ ಕ್ಯಾಲೆಂಡರಿಗೆ ಕೆಂಬಾಳೆ ತೋಟದ ಫೋಟೊ ಬೇಕಿತ್ತು. ಕಮಲಾಪುರದಲ್ಲಿ ಕಾಶಿರಾಯನ ತೋಟಕ್ಕೆ ಹೋದರು. ಕೆಲಸ ಮುಗಿದು ಹೊರಡುವಾಗ ಅವನ ಹೆಂಡತಿ ಪುತಳಾಬಾಯಿ, ನಂದೂ ಒಂದು ತಗೀರಲ್ಲ ಎಂದಳು. ಗೊನೆಯ ಪಕ್ಕದಲ್ಲಿ ನಿಲ್ಲಿಸಿ ಒಂದೇ ಒಂದು ತೆಗೆದರು. ಅದಾದ ತಿಂಗಳೊಳಗೆ ಆಕೆ ಜ್ವರ ಬಂದು ತೀರಿಕೊಂಡಳು. ಆಕೆಯದು ಬೇರೆ ಫೋಟೊ ಎಂದರೆ ಮತದಾರರ ಚೀಟಿಯದು ಮಾತ್ರ. ಆ ಚೀಟಿಯಲ್ಲಿ ಯಾರ ಮುಖ ಯಾರಿಗೆ ಗುರುತು ಹತ್ತಿದೆ, ಹೇಳಿ.

“ಆ ಫೋಟೊ ಕೊಟ್ಟಬಿಡಬೇಕಿತ್ತಲ್ರಿ,” ಎಂದರು ಅಣವೀರಪ್ಪ.

ಕೊಡುವುದೇ ತೊಂದರೆಯಾಗಿತ್ತು. ಹೊಸ ಕ್ಯಾಮೆರಾದಲ್ಲಿ ಫೋಟೊಗಳನ್ನು ರಾಯರು 'ರಾ' ಫೈಲಾಗಿ ತೆಗೆದಿದ್ದರು. ರಾ ಎಂದರೆ ಹಸಿಯದು. ಕತ್ತಲೆ ಕೋಣೆಯಲ್ಲಿ ನೆಗೆಟಿವ್ ತೊಳೆಯುತ್ತಿದ್ದಂತೆ ಅದನ್ನು ಕಂಪ್ಯೂಟರಿನಲ್ಲಿ ಸಾಫ್ಟ್‌ವೇರ್ ಹಾಕಿ ಹದ ಮಾಡಬೇಕು. ಹೈದರಾಬಾದಿನ ಅಂಗಡಿಯವನು, ದೊಡ್ಡ ದೊಡ್ಡ ಫೋಟೊಗ್ರಾಫರರೆಲ್ಲ ಹೀಗೇ ತೆಗೆಯುವುದು ಎಂದು ಕಿವಿಯೂದಿದ್ದ. ಯಾವ ಸಾಫ್ಟ್‌ವೇರ್ ಎಂದು ಮಾತ್ರ ಹೇಳಿರಲಿಲ್ಲ. ರಾಯರು ಬಜಾರಿನಲ್ಲಿ ಸಿಕ್ಕ ಸಿಡಿಗಳನ್ನೆಲ್ಲ ಹಾಕಿ ನೋಡಿದರು. ಒಂದು ಈ ಕ್ಯಾಮೆರಾದ ಫೈಲು ನನಗೆ ಗೊತ್ತೇ ಇಲ್ಲ ಎಂದಿತು. ಇನ್ನೊಂದು ಅರ್ಧಕ್ಕೆ ಬಂದು ಕಂಪ್ಯೂಟರನ್ನೇ ನಿಲ್ಲಿಸಿಬಿಡುತ್ತಿತ್ತು. ಮೂರನೆಯದು ತೆರೆಯುತ್ತಿತ್ತು. ಕ್ಯಾಮೆರಾ ಫೈಲಿನೊಳಗೆ ಇಟ್ಟ ಚಿಕ್ಕ ಚಿತ್ರ ಒಂದು ಗಳಿಗೆ ಸರಿಯಾದ ಬಣ್ಣದಲ್ಲಿ ಮಿಂಚುತ್ತಿತ್ತು. ಅಷ್ಟರಲ್ಲಿ ಸಾಫ್ಟ್‌ವೇರ್ ತನ್ನ ಲೆಕ್ಕ ಹಾಕಿ ಎಲ್ಲರನ್ನೂ ಕಾಮಾಲೆ ರೋಗಿಗಳಂತೆ ಮಾಡಿಬಿಡುತ್ತಿತ್ತು. ತಾನೇ ಸರಿಮಾಡಿಕೊಳ್ಳುವ ಗುಂಡಿ ಒತ್ತಿದರೆ ಮುಖಗಳು ಸುಣ್ಣ ಬಳಿದಷ್ಟು ಬೆಳ್ಳಗಾಗುತ್ತಿದ್ದವು. ರಾಯರು ಅದನ್ನೇ ಪ್ರಿಂಟ್ ಹಾಕಿ ಕಾಶಿರಾಯನಿಗೆ ಕೊಟ್ಟಿದ್ದರು. ಗಿರಾಕಿಗಳಿಗೆಲ್ಲ ಬೆಳ್ಳಗಿನ ಮುಖವೇ ಬೇಕು, ಇವನಿಗೆ ಮಾತ್ರ ಬೇಡವಂತೆ. ಮತ್ತೆ ಮತ್ತೆ ಬಂದು, ಆ ಗಳಿಗೆ ಮಿಂಚುವುದನ್ನೇ ಕೊಡಿ ಎನ್ನುತ್ತಿದ್ದ.

ಮೊನ್ನೆ ರಾಯರಿಗೆ ತಲೆ ಕೆಟ್ಟಿತ್ತು. ಸಿಡಿಗಳ ಕಾಟದಿಂದ ಯಂತ್ರವೇ ಕೆಟ್ಟು ಕೂತಿದೆ, ಇನ್ನೆರಡು ದಿನದಲ್ಲಿ ಫಾರ್ಮ್ಯಾಟ್ ಮಾಡಿಸುತ್ತೇನೆ, ಎಲ್ಲ ಅಳಿಸಿಹೋಗುತ್ತದೆ, ಇನ್ನು ಬರಬೇಡ ಎಂದಿದ್ದರು. ಕ್ಯಾಮೆರಾದ ಕಾರ್ಡಿನಲ್ಲಿ ಆಗಲೇ ಬೇರೆ ಮದುವೆಗಳು ತುಂಬಿದ್ದವು. ಆ ಫೋಟೊ ಇದ್ದದ್ದು ಮೇಜಿನ ಕೆಳಗಿನ ಸಿಪಿಯುನಲ್ಲಿ ಮಾತ್ರ.

ಹಿಂದೆ ನೆಗೆಟಿವ್ ಲಕೋಟೆಯಲ್ಲಿ ಇರುತ್ತಿತ್ತು, ಹತ್ತು ವರ್ಷ ಬಿಟ್ಟು ಬಂದರೂ ಸಿಗುತ್ತಿತ್ತು ಎಂದು ಅಣವೀರಪ್ಪನವರಿಗೆ ಅನ್ನಿಸಿತು. ಆದರೆ ಸಿಪಿಯು ಈಗಲೇ ಅಳಿಸಬೇಡಿ ಎಂದು ಬಾಯಿ ಬಿಟ್ಟು ಹೇಳಲಿಲ್ಲ. ಅದೇ ಅವರು ಮಾಡಿದ ತಪ್ಪು.

ಪಕ್ಕದ ಬಟ್ಟೆ ಅಂಗಡಿಯವನು ವಿಚಾರಣೆಯಲ್ಲಿ, ರುಮಾಲು ಸುತ್ತಿದ ಒಬ್ಬಾತ ಏನನ್ನೋ ಸೀರೆಯಲ್ಲಿ ಮುಚ್ಚಿ ಎತ್ತಿಕೊಂಡು ಹೋದ, ರಿಪೇರಿಗೆ ಒಯ್ಯುತ್ತಿದ್ದಾನೆ ಎಂದುಕೊಂಡೆ ಎಂದ. ಮರುದಿನ ಬೆಳಿಗ್ಗೆ ಮೈಬೂಬ, ಹಣ್ಣಿನ ಪಾಪ ತೊಳೆದುಕೊಳ್ಳುವವನಂತೆ ಆಟೊ ಸ್ಟ್ಯಾಂಡುಗಳನ್ನೆಲ್ಲ ಜಾಲಾಡಿ, ಆತನನ್ನು ಬಸ್ ನಿಲ್ದಾಣಕ್ಕೆ ಬಿಟ್ಟ ವಹಾಬನನ್ನು ಹಿಡಿದು ತಂದ.

“ಏನಂದ ದಾರ್ಯಾಗ?” ಅಣವೀರಪ್ಪ ಕೇಳಿದರು.

“ಸಾಬ್, ತೊಡಿ ಮ್ಯಾಲ ಇಟ್ಕೊಂಡು ಕುಂತಿದ್ದ. ತಗ್ಗು ಬಂದ್ರ ಮೆಲ್ಲಕ ಹೊಡಿ ಅಂತಿದ್ದ. ಒಡಿಯೋ ಕಾಚಿನ ಸಾಮಾನಾ ಅಂತ ಕೇಳ್ದೆ. ಅಲ್ಲ, ಒಳಗ ನಮ್ಮಾಕಿ ಅದಾಳ ಅಂದ. ಪಾಗಲ್ ಅದಾನ ಅಂತ ಸುಮ್ನಾದೆ.”

ಠಾಣೆಯಲ್ಲಿ ಯಾರೋ ಕಿಸಕ್ಕೆಂದರು. ಅಣವೀರಪ್ಪ ನಗಲಿಲ್ಲ. ಟೋಪಿ ತೆಗೆದುಕೊಂಡು ಜೀಪು ಹತ್ತಿದರು.

ಕಮಲಾಪುರದಲ್ಲಿ ಸ್ಥಳೀಯ ಠಾಣೆಗೆ ತಿಳಿಸಿ, ಇಬ್ಬರು ಪಂಚರೊಂದಿಗೆ ಕಾಶಿರಾಯನ ಮನೆ ತಲುಪಿದಾಗ ಹನ್ನೊಂದೂವರೆ. ಅವನು ಓಡಲಿಲ್ಲ. ಬರ್ರಿ ಸಾಹೇಬ್ರ ಎಂದು ಒಳಗೆ ಕರೆದ. ನಡುಮನೆಯಲ್ಲಿ ಒಂದು ಮಣೆಯ ಮೇಲೆ ಮಾನಿಟರ್ ಇತ್ತು. ಅದರ ಮೇಲೆ ಹಸಿರು ಇಳಕಲ್ ಸೀರೆ ಹೊದಿಸಿತ್ತು. ಒಂದು ವೈರು ಗೋಡೆಯ ಪ್ಲಗ್ಗಿಗೆ ಹೋಗಿತ್ತು, ಇನ್ನೊಂದು ಎಲ್ಲಿಗೂ ಹೋಗದೆ ನೆಲದ ಮೇಲೆ ಬಿದ್ದಿತ್ತು.

“ನೀನೇ ತಂದ್ಯಾ?”

“ಹೌದ್ರಿ. ಪುಕ್ಕಟೆ ತಂದಿಲ್ರಿ. ಹಣ್ಣು ಇಟ್ಟು ಬಂದೀನಿ. ಡಬ್ಬಿ ತಿರಗಿ ಕೊಡಾವನೇ ಇದ್ದೆ.”

“ಇದನ್ನೇ ಯಾಕ ತಂದಿ?”

ಕಾಶಿರಾಯ ಸೀರೆ ಸರಿಸಿ ಬೆರಳು ತೋರಿಸಿದ. “ಆಕಿ ಇದರಾಗೇ ಅದಾಳಲ್ರಿ. ನಾನೇ ಕಣ್ಣಾರೆ ನೋಡೀನಿ. ಒಂದ್ ಗಳಿಗಿ ಬರ್ತಾಳ, ಹೊಳ್ಳಿ ಹೋಗ್ತಾಳ. ರಾಯರು ಅಳಿಸಿಬಿಡ್ತೀನಿ ಅಂದ್ರು. ಅದಕ್ಕ ಎತ್ಕೊಂಡ್ ಬಂದೆ. ನಿನ್ನಿಂದ ಕರೆಂಟ್ ಕೊಟ್ಟು ಕುಂತೀನಿ. ಇಂಗ್ಲಿಷಿನ್ಯಾಗ ಏನೋ ಬರ್ತದ, ಆಕಿ ಬರವಲ್ಲಳು.”

ಮೈಬೂಬ ತಲೆ ತಗ್ಗಿಸಿದ. ಗೋಡೆಯ ಮೇಲೆ ರಾಯರು ಕೊಟ್ಟ ಪ್ರಿಂಟು ತೂಗುತ್ತಿತ್ತು. ಅದರಲ್ಲಿ ಬಿಳಿ ಮುಖದ, ಗುಲಾಬಿ ತುಟಿಯ ಯಾರೋ ಒಬ್ಬಾಕೆ ಬಾಳೆಗೊನೆಯ ಪಕ್ಕ ನಿಂತಿದ್ದಳು. ಮಗಳು ರೇವಮ್ಮನ ಸೊಂಟದ ಮೇಲಿನ ಕೂಸು ಅದಕ್ಕೆ ಕೈ ಮಾಡಿ, ಅಜ್ಜಿಯನ್ನು ಕರೆಯುವಂತೆ ಆಯಿ ಎಂದಿತು. ಅಲ್ಲಿಯವರೆಗೆ ಸಮಾಧಾನವಾಗಿದ್ದ ಕಾಶಿರಾಯನ ದನಿ ಒಡೆಯಿತು.

“ಕೇಳಿದ್ರೇನು? ಈ ಬಿಳಿ ಹೆಂಗಸಿಗೆ ಆಯಿ ಅಂತದ. ನಮ್ಮಾಕಿ ಕರೀ ಎರಿ ಮಣ್ಣಿನಂಗ ಇದ್ದಳ್ರಿ. ನಾ ಸತ್ತ ಮ್ಯಾಲ ಆಕಿ ಹೆಂಗಿದ್ಲು ಅಂತ ಇದಕ್ಕ ಯಾರು ಹೇಳಾವ್ರು?”

ಅಣವೀರಪ್ಪನವರಿಗೆ ಆಗ ಸಿಪಿಯು ನೆನಪಾಯಿತು. ಕೂಡಲೇ ಕಮಲಾಪುರ ಠಾಣೆಗೆ ಹೋಗಿ ರಾಯರಿಗೆ ಫೋನ್ ಹಚ್ಚಿದರು. ಅದನ್ನು ಬೆಳಿಗ್ಗೆಯೇ ಸೇಡಂ ರಸ್ತೆಯ ಯಂಕಪ್ಪನ ರಿಪೇರಿ ಅಂಗಡಿಗೆ ಫಾರ್ಮ್ಯಾಟ್ ಮಾಡಲು ಕಳಿಸಿ ಆಯಿತಲ್ಲ ಎಂದರು ರಾಯರು. ಸಾಹೇಬರು ಅವನ ನಂಬರು ಕೇಳಿ ಬರೆದುಕೊಂಡರು. ಯಂಕಪ್ಪನ ನಂಬರಿಗೆ ಎರಡು ಸಲ ಫೋನ್ ಮಾಡಿದರೂ ಎತ್ತಲಿಲ್ಲ. ಮೂರನೇ ಸಲಕ್ಕೆ ಎತ್ತಿದ. ಸಿಡಿ ಹಾಕಿದ್ದೇನೆ, ಇನ್ನೇನು ಶುರು ಮಾಡಬೇಕು, ಕರೆಂಟು ಹೋಗಿದೆ ಎಂದ. ಕಲಬುರ್ಗಿಯ ಲೋಡ್ ಶೆಡ್ಡಿಂಗಿಗೆ ಅಣವೀರಪ್ಪ ಜನ್ಮದಲ್ಲಿ ಅದೊಂದೇ ಸಲ ಕೈ ಮುಗಿದದ್ದು. ಸಿಡಿ ಹೊರಗೆ ತೆಗೆ, ನಾನು ಬರುವವರೆಗೆ ಅದನ್ನು ಮುಟ್ಟಿದರೆ ನೋಡು ಎಂದರು.

ಹನ್ನೆರಡೂವರೆಗೆ ಮಾನಿಟರ್ ಜಪ್ತಿ ಪಂಚನಾಮೆಯಾಯಿತು. ಕಾಶಿರಾಯನನ್ನು ದಸ್ತಗಿರಿ ಮಾಡಿ ಜೀಪಿನಲ್ಲಿ ಕೂರಿಸಿದರು. ರೇವಮ್ಮ ಅಳುತ್ತಿದ್ದಳು. ಕಾನೂನಿನ ಕೆಲಸ ಕಾನೂನು ಮಾಡುತ್ತದೆ, ಆದರೆ ದಾರಿಯಲ್ಲಿ ಒಂದು ಕಡೆ ಹೋಗಿ ಬರುವುದಿದೆ ಎಂದು ಅಣವೀರಪ್ಪ ಆಕೆಗೆ ಹೇಳಿದರು.

ಯಂಕಪ್ಪನ ಅಂಗಡಿಗೆ ರಾಯರೂ ಬಂದಿದ್ದರು. ಕರೆಂಟು ಬಂದಿತ್ತು. ಈ ಫೈಲು ತೆರೆಯಲು ಏನೇನು ಹಾಕಿ ನೋಡಿದ್ದೀರಿ ಎಂದು ಯಂಕಪ್ಪ ಕೇಳಿದ. ರಾಯರು ಬಜಾರಿನ ಸಿಡಿಗಳ ಹೆಸರನ್ನೆಲ್ಲ ಹೇಳಿದರು. ಕ್ಯಾಮೆರಾದ ಡಬ್ಬಿಯಲ್ಲಿ ಕಂಪನಿಯ ಸಿಡಿ ಬಂದಿರಲಿಲ್ಲವೆ ಎಂದು ಅವನು ಮತ್ತೆ ಕೇಳಿದ. ಬಂದಿತ್ತು. ಪುಕ್ಕಟೆ ಬಂದದ್ದು ಏನು ಪ್ರಯೋಜನ ಎಂದು ರಾಯರು ಅದರ ಲಕೋಟೆಯನ್ನೇ ಹರಿದಿರಲಿಲ್ಲ. ಸ್ಟುಡಿಯೊದಿಂದ ಅದನ್ನು ತರಿಸಿದರು. ಯಂತ್ರ ಅರ್ಧಕ್ಕೆ ನಿಲ್ಲದಂತೆ ಯಂಕಪ್ಪ ಅದಕ್ಕೆ ಇನ್ನೊಂದು ರ‍್ಯಾಮ್ ಸಿಕ್ಕಿಸಿ ಸಿಡಿ ಹಾಕಿದ.

ಪುತಳಾಬಾಯಿ ಬಂದಳು. ಮೊದಲ ಗಳಿಗೆ ಕಾಶಿರಾಯ ಉಸಿರು ಬಿಗಿಹಿಡಿದ. ಇನ್ನೇನು ಹೋಗುತ್ತಾಳೆ ಎಂದು ಕಾದ. ಆಕೆ ಹೋಗಲಿಲ್ಲ. ಕಪ್ಪು ಮುಖ, ಹಣೆಯ ಹಚ್ಚೆ, ಬಿಸಿಲಿಗೆ ಕಿರಿದಾದ ಕಣ್ಣು, ಪಕ್ಕದಲ್ಲಿ ಕೆಂಪಾದ ಗೊನೆ, ಎಲ್ಲ ಇದ್ದ ಹಾಗೆ ಇದ್ದವು.

“ಅಂದ್ರ ನಾ ಒಯ್ದ ಡಬ್ಬಿಯೊಳಗ ಆಕಿ ಇರ್ಲೇ ಇಲ್ಲೇನ್ರಿ?” ಎಂದ ಕಾಶಿರಾಯ. ಯಂಕಪ್ಪ ಸಿಪಿಯು ಮೇಲೆ ಕೈಯಿಟ್ಟು ತೋರಿಸಿದ.

ರಾಯರು ಮೌಸ್ ಹಿಡಿದರು. ವರ್ಷಗಳ ರೂಢಿ, ಕೈ ತಾನಾಗಿ ಹೋಯಿತು. “ಮುಖಾ ಒಂಚೂರು ಬೆಳ್ಳಗ ಮಾಡಿ ಕೊಡ್ತೀನಿ, ತಡಿ.”

ಕಾಶಿರಾಯ ರಾಯರ ಮಣಿಕಟ್ಟು ಹಿಡಿದುಕೊಂಡ. “ಮುಟ್ಟಬ್ಯಾಡ್ರಿ ಆಕಿನ್ನ.”

ಮೈಬೂಬ ಮುಂದೆ ಬಂದ. ಅಣವೀರಪ್ಪ ಕಣ್ಣಲ್ಲೇ ತಡೆದರು. ರಾಯರು ಮೌಸ್ ಬಿಟ್ಟು, ಕಣ್ಣು ಒರೆಸಿಕೊಂಡು, ಇದ್ದ ಹಾಗೇ ದೊಡ್ಡದಾಗಿ ಪ್ರಿಂಟ್ ಹಾಕಿ ಕಮಲಾಪುರಕ್ಕೆ ನಾನೇ ಒಯ್ದು ಕೊಡುತ್ತೇನೆ ಎಂದರು.

ಮಧ್ಯಾಹ್ನ ಮೂರೂವರೆಗೆ ಆರೋಪಿಯನ್ನು ನ್ಯಾಯಾಲಯದ ಮುಂದೆ ಹಾಜರುಪಡಿಸಲು ವರದಿ ಸಿದ್ಧವಾಗುತ್ತಿತ್ತು. ಬರೆಯುತ್ತಿದ್ದ ಮೈಬೂಬ ಕೃತ್ಯದ ಉದ್ದೇಶ ಎಂಬಲ್ಲಿಗೆ ಬಂದು ನಿಂತ. ಎಲ್ಲ ಕಳವಿನ ಕೇಸಿನಲ್ಲೂ ಸ್ವಂತ ಲಾಭಕ್ಕಾಗಿ ಎಂದು ಬರೆಯುವುದು ವಾಡಿಕೆ. ಇದಕ್ಕೂ ಹಾಗೇ ಬರೆಯಲೇ ಎಂದು ಕೇಳಿದ.

“ಬ್ಯಾಡ,” ಎಂದರು ಅಣವೀರಪ್ಪ. “ಹೆಂಡತಿಯನ್ನು ಮನೆಗೆ ಕರೆದುಕೊಂಡು ಹೋಗಲು ಅಂತ ಬರಿ.”