ಕಿಶಮಿನಿಂದ ಬಂದ ಮಾವ

"ನಿನ್ನ ಪಾಳಿ ಬರೋದು ಸಂಜೆಗೆ ಕಣಮ್ಮ. ಅಲ್ಲೀತನಕ ಕೂತು ಕತ್ತೆಗೆ ಪಾಠ ಹೇಳ್ಕೊಡು," ಎಂದರು ನೀರುಗಿರಣಿಯ ದೌಲತ್ ಕಾಕಾ. ಹುಬ್ಬು, ಮೀಸೆ, ಟೋಪಿ ಎಲ್ಲಕ್ಕೂ ಹಿಟ್ಟು ಮೆತ್ತಿತ್ತು.

ಸನೋಬರ್ ಸಾಲು ನೋಡಿದಳು. ಅವಳ ಗೋಧಿ ಮೂಟೆ ಒಂಬತ್ತನೆಯದು. ಕಾಲುವೆಯಲ್ಲಿ ನೀರು ಕಡಿಮೆ. ಬೀಸುಕಲ್ಲು ತೂಕಡಿಸುತ್ತಾ ತಿರುಗುತ್ತಿತ್ತು.

"ಮೂರು ವಾರದಿಂದ ನಮ್ಮನೇಲಿ ಬರೀ ಒಣ ಹಿಪ್ಪುನೇರಳೆ ಹಣ್ಣಿನ ಪುಡಿ, ಕಾಕಾ. ನನ್ನ ತಮ್ಮ ನಿದ್ದೇಲೂ 'ರೊಟ್ಟಿ ರೊಟ್ಟಿ' ಅಂತಾನೆ."

"ನಾವೇನು ಪಲಾವ್ ಹೊಡೀತಿದ್ವಾ?" ಎಂದಳು ಸಾಲಿನ ಮುಂದೆ ಕೂತಿದ್ದ ಬೀಬಿ ಮಾಜಾನ್. ಎಲ್ಲರೂ ನಕ್ಕರು.

ಹೋದ ವರ್ಷ ಹಿಮ ಬೀಳಲಿಲ್ಲ, ಗೋಧಿ ಮೊಣಕಾಲೆತ್ತರವೂ ಬರಲಿಲ್ಲ. ಈ ವರ್ಷ ಕಣಿವೆಯ ಕೆಳಗೆ ಕಾಳಗ ಶುರುವಾಗಿ ರಸ್ತೆ ಮುಚ್ಚಿತು. ಕಿಶಮ್ ಪೇಟೆಯಿಂದ ಹಿಟ್ಟಿನ ಲಾರಿ ಬರುವುದು ನಿಂತಿತು. ಹೊಸ ಗೋಧಿ ತೂರಿದ್ದು ನಿನ್ನೆಯಷ್ಟೆ. ಮನೆಯಲ್ಲಿ ಅಮ್ಮ ಆಗಲೇ ತಂದೂರಿಗೆ ಸೌದೆ ಒಟ್ಟಿ ಕಾಯುತ್ತಿದ್ದಳು.

ಹೋಮ್‌ವರ್ಕ್ ಮಾಡದ ದಿನ ಟೀಚರಿಗೆ ಕತೆ ಕಟ್ಟಿ ಸನೋಬರಳಿಗೆ ಒಳ್ಳೆ ಅಭ್ಯಾಸವಿತ್ತು.

"ಕಾಕಾ, ಹೇಳೋದೇ ಮರೆತೆ. ನಮ್ಮನೆಗೆ ನೆಂಟರು ಬಂದಿದಾರೆ."

ನೆಂಟರು ಬಂದ ಮನೆಯ ಮೂಟೆ ಸಾಲಿನಲ್ಲಿ ಕಾಯುವಂತಿಲ್ಲ. ಗಿರಣಿ ಕಟ್ಟಿದ ದಿನದಿಂದ ಅದೇ ಪದ್ಧತಿ. ಕಾಕಾ ಮರುಮಾತಾಡದೆ ಅವಳ ಮೂಟೆ ಎತ್ತಿ ಮುಂದಕ್ಕೆ ತಂದರು. ಮುಂದಿನ ಪಾಳಿ ಬೀಬಿಯದಾಗಿತ್ತು. ಅವಳು ತನ್ನ ಗಂಟನ್ನು ಒಂದು ಗೇಣು ಹಿಂದಕ್ಕೆ ಸರಿಸಿದಳು.

"ಯಾರೇ ಬಂದಿರೋದು?" ಎಂದು ಕೇಳಿದಳು.

"ಮಾವ. ಕಿಶಮಿಂದ."

"ರಸ್ತೆ ಮುಚ್ಚಿದೆಯಲ್ಲೇ. ಹಾರ್ಕೊಂಡು ಬಂದನಾ?"

"ನಡ್ಕೊಂಡು. ಗುಡ್ಡ ಹತ್ತಿ ಇಳಿದು. ಕಾಲು ಕುಂಟ್ತಿದಾರೆ." ಒಂದು ಕಾಲು ಸಾಲದೇನೋ ಅನ್ನಿಸಿ, "ಎರಡೂ ಕಾಲು," ಎಂದು ಸೇರಿಸಿದಳು.

ಗಿರಣಿಯೊಳಗೆ ಎಲ್ಲರ ಬೆನ್ನು ನೆಟ್ಟಗಾಯಿತು.

"ಲಾರಿ ಬಿಡ್ತಾರಂತಾ?"

"ಅಲ್ಲಿ ಹಿಟ್ಟು ಸಿಗತ್ತಂತಾ?"

"ಮಾವ ಮಲಗಿದಾರೆ," ಎಂದಳು ಸನೋಬರ್. ಹಿಟ್ಟು ಬೇಗ ಬೀಳಲಿ ಎಂದು ಕಲ್ಲನ್ನೇ ನೋಡುತ್ತಾ ನಿಂತಳು.

ಹಿಟ್ಟಾಯಿತು. ಕತ್ತೆಯ ಮೇಲೆ ಮೂಟೆ ಹೇರುವಾಗ ಬೀಬಿಯೂ ಎದ್ದಳು.

"ನಾನೂ ಬರ್ತೀನಿ ಇರು. ನನ್ನ ಮಗ ಇಲ್ಯಾಸ್ ಕಿಶಮಲ್ಲೇ ಇರೋದು. ನಾಲ್ಕು ತಿಂಗಳಾಯ್ತು ಸುದ್ದಿ ಇಲ್ಲ."

"ಈಗ ನಿನ್ನ ಪಾಳಿ ಬೀಬಿ," ಎಂದರು ಕಾಕಾ. "ನೀನಿಲ್ದಿದ್ರೆ ಗಂಟು ಸಾಲಿನ ಕೊನೆಗೆ ಹೋಗತ್ತೆ, ನೋಡು."

"ಹೋಗ್ಲಿ ಬಿಡು."

ದಾರಿಯುದ್ದಕ್ಕೂ ಬೀಬಿ ಕತ್ತೆಗಿಂತ ಮುಂದಿದ್ದಳು. "ನಿಮ್ಮ ಮಾವ ಅವನನ್ನ ನೋಡಿರ್ತಾನೆ. ನೋಡಿದ್ರೆ ಮರೆಯೋ ಮುಖವಾ ಅದು? ಕಿವಿ ಎರಡೂ ಮಡಕೆ ಹಿಡಿ ಇದ್ದಂಗಿವೆ."

ಸನೋಬರಳಿಗೆ ನಗು ಬರಲಿಲ್ಲ. ಅಕ್ರೋಟ್ ಮರದ ಹತ್ತಿರ ಕತ್ತೆಯನ್ನು ನಿಲ್ಲಿಸಿದಳು.

"ಬೀಬಿ, ಮಾವ ಇಲ್ಲ."

"ಆಗಲೇ ಹೊರಟನಾ?"

"ಬಂದೇ ಇಲ್ಲ. ನನಗೆ ಮಾವನೇ ಇಲ್ಲ."

ಬೀಬಿ ಬಂಡೆಯ ಮೇಲೆ ಕೂತಳು. ತಲೆವಸ್ತ್ರ ಬಿಚ್ಚಿ ಮತ್ತೆ ಕಟ್ಟಿಕೊಂಡಳು.

"ಕುಂಟು ಕಾಲೂ ಇಲ್ವಾ?"

"ಇಲ್ಲ."

"ಚೆನ್ನಾಗೇ ಕುಂಟಿಸಿದ್ದೆ ಬಿಡು." ಆದರೆ ಅವಳ ಕಣ್ಣು ಗುಡ್ಡದ ಕಡೆಗಿತ್ತು.

"ನೀವು ನಮ್ಮನೆಗೆ ಹೋಗಿ ಬೀಬಿ. ಕತ್ತೆಗೆ ದಾರಿ ಗೊತ್ತು. ಮೊದಲ ರೊಟ್ಟಿ ನೀವೇ ತಿನ್ನಿ. ನಿಮ್ಮ ಗಂಟು ನಾನು ಕಾಯ್ತೀನಿ."

"ನಿಮ್ಮಮ್ಮ ಕೇಳಿದ್ರೆ ಏನನ್ಲಿ?"

"ನೆಂಟರು ಅನ್ನಿ. ಉಳಿದದ್ದನ್ನೂ ಹೇಳ್ಬಿಡಿ." ಸನೋಬರ್ ಹಿಂದಕ್ಕೆ ಓಡಿದಳು.

ಬೀಬಿಯ ಗಂಟು ಆಗಲೇ ಸಾಲಿನ ಕೊನೆಯಲ್ಲಿತ್ತು.

"ಮಾವ ಏನಂದ?" ಎಲ್ಲರ ಮುಖವೂ ಅವಳತ್ತ ತಿರುಗಿತು.

"ಯಾರೂ ಬಂದಿಲ್ಲ. ರಸ್ತೆ ಸುದ್ದೀನೂ ಇಲ್ಲ. ನಾನೇ ಸುಳ್ಳು ಹೇಳ್ದೆ."

ಯಾರೋ ಲೊಚಗುಟ್ಟಿದರು. "ಎರಡು ಕಾಲು ಕುಂಟೋನು ಗುಡ್ಡ ಹತ್ತಿದ್ದನ್ನ ನಂಬಿದ್ವಲ್ಲ, ನಮಗೆ ಬುದ್ಧಿ ಬೇಕು," ಎಂದ ಇನ್ನೊಬ್ಬ. ಕಾಕಾ ನಗಲಿಲ್ಲ.

"ಕೊನೇಲಿ ಕೂತ್ಕೋ," ಎಂದರು.

ಅವಳು ಕೂತಳು. ಮೂಟೆಗಳು ಒಂದೊಂದಾಗಿ ಹೋದವು. ಬೀಬಿಯ ಪಾಳಿ ಬಂದಾಗ ಬಿಸಿಲು ಎದುರು ಗುಡ್ಡದ ತಲೆಗೆ ಏರಿತ್ತು. ಸನೋಬರ್ ಗಂಟು ಬಿಚ್ಚಿ ಸುರಿದಳು. ಕಲ್ಲು ನಾಲ್ಕು ಸುತ್ತು ಗುರುಗುಟ್ಟಿ ಖಾಲಿ ತಿರುಗತೊಡಗಿತು.

"ಅಷ್ಟೇನಾ ಕಾಕಾ?"

"ಅಷ್ಟೇ. ಕೊಯ್ದಾದ ಮೇಲೆ ಊರವರ ಹೊಲದಲ್ಲಿ ಒಂದೊಂದೇ ತೆನೆ ಆಯ್ದಿದ್ದು." ಪ್ರತಿ ಮೂಟೆಯಿಂದ ತಮ್ಮ ಪಾಲಿನ ಬೊಗಸೆ ತೆಗೆಯುವ ಕಾಕಾ, ಈ ಗಂಟಿಗೆ ಕೈ ಹಾಕದೆ ನೀರು ನಿಲ್ಲಿಸಲು ಹೊರಗೆ ಹೋದರು.

ಸನೋಬರ್ ಮೂಲೆಯಲ್ಲಿದ್ದ ಪುಟ್ಟ ಪೊರಕೆ ತಂದು ಕಲ್ಲಿನ ಸುತ್ತ ಗುಡಿಸಿದಳು. ಬಂದ ಹಿಟ್ಟನ್ನು ಬಟ್ಟೆಗೆ ಹಾಕಿದಳು. ಆಮೇಲೆ ಮೊಣಕಾಲೂರಿ, ಕಲ್ಲಿನ ಸಂದಿಯಲ್ಲೆಲ್ಲ ಬೆರಳಾಡಿಸುತ್ತಾ ಇನ್ನೊಮ್ಮೆ ಗುಡಿಸಿದಳು.