ಅಣ್ಣನ ಸಮಾಧಿಯ ಭರ್ಜಿ

ಕಡಲಿಗೂ ನಾಚಿಕೆಯಿದ್ದ ಕಾಲವದು. ಗ್ರೀಕರ ಒಂದು ಪುಟ್ಟ ದ್ವೀಪದಲ್ಲಿ ಮೆಲಿಟ್ಟ ಎಂಬ ತಬ್ಬಲಿ ಹುಡುಗಿ, ಅವಳಿಗೊಬ್ಬ ಅಣ್ಣ ಟಿಮಾನ್. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಕಡಲ ತಳಕ್ಕಿಳಿದು ಸ್ಪಂಜು ಕಿತ್ತು ತರುವವನು ಅವನು. ದೋಣಿಯಲ್ಲಿ ಆ ಹಗ್ಗ ಹಿಡಿಯುತ್ತಿದ್ದವನು ಗೆಳೆಯ ಲೈಕೋನ್.

ಒಂದು ದಿನ ಹಗ್ಗ ಕೈತಪ್ಪಿತು. ಟಿಮಾನ್ ಮೇಲೆ ಬಂದಾಗ ಉಸಿರಿರಲಿಲ್ಲ.

ಇನ್ನೊಬ್ಬನ ಕೈಯಿಂದ ಸತ್ತವನ ಸಮಾಧಿಗೆ ಭರ್ಜಿ ನೆಡುವುದು ಅಲ್ಲಿಯವರ ಪದ್ಧತಿ. ಲೆಕ್ಕ ತೀರುವವರೆಗೆ ಅದನ್ನು ಕೀಳುವಂತಿಲ್ಲ. ಲೈಕೋನ್ ದ್ವೀಪ ಬಿಟ್ಟು ಓಡಿದ. ಈ ಭರ್ಜಿಯನ್ನು ಕಿತ್ತು ಅವನೆದೆಗೆ ಮುಟ್ಟಿಸುವವಳು ನಾನೇ ಎಂದು ಮೆಲಿಟ್ಟ ಎಲ್ಲರೆದುರು ಮಾತು ಕೊಟ್ಟಳು. ಚಿಕ್ಕಪ್ಪ ಸ್ಟ್ರಾಟಿಯೋಸ್ ಹೆಮ್ಮೆಯಿಂದ ಅವಳ ತಲೆ ಸವರಿದ. ರಾತ್ರಿಯೆಲ್ಲ ಯಾರಿಗಾಗಿ ಅಳುತ್ತೀ ಎಂದು ಮಾತ್ರ ಕೇಳಲಿಲ್ಲ.

ದ್ರಾಕ್ಷಿ ಕಪ್ಪಾಗುವ ಹೊತ್ತಿಗೆ ಲೈಕೋನ್ ನ್ಯಾಯ ಕೇಳಿಕೊಂಡು ಬಂದ. ತೀರ್ಪಾಗುವ ತನಕ ಓಡಿಹೋದವನ ಕಾಲು ನೆಲಕ್ಕೆ ತಾಗಬಾರದು. ಅವನು ದೋಣಿಯಲ್ಲೇ ನಿಂತ, ಪಂಚರು ದಂಡೆಯಲ್ಲಿ ಕೂತರು. ಸತ್ತವನ ಮನೆಯವರೆಲ್ಲ ಒಪ್ಪಿದರಷ್ಟೇ ಅವನಿಗೆ ದಡ.

ತುಂಬ ಸೊರಗಿದ್ದ. ಆದರೂ ಮೆಲಿಟ್ಟಳನ್ನು ಕಂಡದ್ದೇ ಎಡಹುಬ್ಬು, ಹಳೇ ತುಂಟತನ ಮರೆಯದೆ, ತಾನಾಗಿ ಮೇಲೇರಿತು. ಅವಳು ತುಟಿ ಕಚ್ಚಿಕೊಂಡಳು.

ಹಗ್ಗ ಯಾಕೆ ಬಿಟ್ಟೆ ಎಂದರು ಪಂಚರು. ಕೈ ಜಾರಿತು ಎಂದನಷ್ಟೆ.

"ಸುಳ್ಳು," ಎಂದಳು ಮೆಲಿಟ್ಟ. "ದಂಡೆಯಿಂದ ನಾನು ತಲೆವಸ್ತ್ರ ಬೀಸಿ ಕರೆದೆ. ದಡ್ಡ, ಎರಡೂ ಕೈ ಎತ್ತಿಬಿಟ್ಟ."

"ಸುಮ್ನಿರೇ, ಮೆಲಿಟ್ಟ," ಎಂದ ಲೈಕೋನ್.

"ನೀನು ಸುಮ್ನಿದ್ದು ಏನು ಉದ್ಧಾರ ಆಯ್ತು?"

ಹೆಣ್ಣಿಗೆ ಇಲ್ಲಿ ಮಾತಿಲ್ಲ, ರಕ್ತಕ್ಕೆ ರಕ್ತವೇ ಬೇಕು ಎಂದು ಚಿಕ್ಕಪ್ಪ ಗದರಿದ.

"ಹಾಗಾದ್ರೆ ನನ್ನದೂ ತಗೋ, ಚಿಕ್ಕಪ್ಪ. ತಪ್ಪು ಇಬ್ಬರದು. ಕ್ಷಮಿಸೋದಾದ್ರೆ ಇಬ್ಬರನ್ನೂ ಕ್ಷಮಿಸು. ಇಲ್ಲಾಂದ್ರೆ ಆ ದೋಣೀಲಿ ನನಗೂ ಜಾಗ ಇದೆ."

ಹೇಳಿದವಳು ಚಪ್ಪಲಿ ಕಳಚಿ ನೀರಿಗೇ ಇಳಿದಳು. ಚಿಕ್ಕಪ್ಪ ಅವಳ ಬೆನ್ನನ್ನೇ ನೋಡಿದ. ಅವನ ಮನೆಯಲ್ಲಿ ಉಳಿದಿದ್ದ ರಕ್ತ ಅವಳೊಬ್ಬಳದೇ.

"ನಿಲ್ಲು," ಎಂದ ಕೊನೆಗೆ. "ಹೋಗಿ ಭರ್ಜಿ ಕಿತ್ಕೊಂಡು ಬಾ. ಲೆಕ್ಕ ಮುಗೀತು."

ದಿಬ್ಬ ಹತ್ತಿ ಅವಳು ಅಣ್ಣನ ಮಣ್ಣಿಗೆ ಹಣೆ ಹಚ್ಚಿದಳು. ಭರ್ಜಿಯೊಡನೆ ಮರಳಿ ಸೊಂಟದುದ್ದ ನೀರಿಗೆ ನಡೆದಳು. ಚೂಪು ತುದಿಯನ್ನು ತನ್ನ ಕಡೆಗಿಟ್ಟುಕೊಂಡು, ಮೊಂಡು ತುದಿಯನ್ನು ಲೈಕೋನನ ಎದೆಗೆ ಮುಟ್ಟಿಸಿದಳು.

"ಹಿಡ್ಕೋ," ಎಂದಳು. "ಈ ಸಲ ಬಿಡಬೇಡ."

ಅವನು ಎರಡೂ ಕೈಯಲ್ಲಿ ಹಿಡಿದ. ಅವಳು ದಡಕ್ಕೆಳೆದಳು.